ಗಿರಣಿ ಕಡೆಯ ಮುಖ

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವರು ಇವರು ಅಂತ ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ಒತ್ತಕ್ಷರ ನೋಡುತ್ತೇನೆ, ಯಾರ ಮದುವೆ ಅನ್ನುವುದು ಆಮೇಲಿನ ಮಾತು. ಇದರ ಜೊತೆಗೆ ಗಡಿಯಾರದ ಹುಚ್ಚು ಬೇರೆ. ಮನೆಯಲ್ಲಿ ಹನ್ನೊಂದು ಗೋಡೆ ಗಡಿಯಾರಗಳಿವೆ. ಅವೆಲ್ಲ ಒಟ್ಟಿಗೆ ಹನ್ನೆರಡು ಹೊಡೆಯದಿದ್ದರೆ ನನಗೆ ಊಟ ಸೇರದು. ಈ ಎರಡು ಚಟಗಳು ಕೂಡಿ ಒಬ್ಬ ಹೆಂಗಸಿಗೆ ಏನು ಮಾಡಿದವು ಅನ್ನುವುದನ್ನು ಬರೆಯಲು ಕೂತಿದ್ದೇನೆ. ಕೂರಲಿಕ್ಕೆ ಇಷ್ಟು ವರ್ಷ ಹಿಡಿಯಿತು, ನಾಚಿಕೆಯಿಂದ.

ಆ ಹೆಂಗಸನ್ನು ಜನ ಕೀಲಿಯಕ್ಕ ಅನ್ನುತ್ತಿದ್ದರು. ನನ್ನ ಹೆಂಡತಿಯ ಅಕ್ಕನ ಊರಿನಲ್ಲಿ, ಪೇಟೆಬೀದಿಯ ಕೂಡುರಸ್ತೆಯಲ್ಲಿ ನಿಂತಿರುವ ಒಂದು ಕಂಬದ ಗಡಿಯಾರಕ್ಕೆ ಕೀ ಕೊಡುವುದು ಅವಳ ಕೆಲಸ. ಅಂಗೈ ಉದ್ದದ ಹಿತ್ತಾಳೆ ಕೀಲಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದಳು, ಅದರಿಂದ ಆ ಹೆಸರು.

ಆ ಗಡಿಯಾರದ ಬಗ್ಗೆ ಯಾವುದೋ ಹಳೆಯ ಮಾಸಪತ್ರಿಕೆಯ ಮೂಲೆಯಲ್ಲಿ ಮೂರು ಸಾಲು ಓದಿ ಹನ್ನೆರಡು ವರ್ಷ ಜೊಲ್ಲು ಸುರಿಸಿದ್ದೆ. ಕಾರಣವಿತ್ತು. ಬೀದಿಯ ಗಡಿಯಾರಗಳ ಯಂತ್ರ ಸಾಮಾನ್ಯವಾಗಿ ಮೇಲೆ, ಮುಖದ ಹಿಂದೆಯೇ ಇರುತ್ತದೆ. ಇದರ ಯಂತ್ರ ಕೆಳಗೆ, ಕಂಬದ ಬುಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇತ್ತು. ತೂಕದ ಗುಂಡು, ಲೋಲಕ, ಹಲ್ಲಿನ ಚಕ್ರ ಎಲ್ಲವೂ ಹಾದಿಹೋಕರಿಗೆ ಕಾಣುವಂತೆ. ಅಲ್ಲಿಂದ ನಾಲ್ಕು ಸರಳುಗಳು ಕಂಬದೊಳಗೆ ಮೇಲಕ್ಕೆ ಹೋಗಿ ನಾಲ್ಕು ಮುಖಗಳ ಮುಳ್ಳು ತಿರುಗಿಸುತ್ತಿದ್ದವು. ಒಂದೊಂದು ಸರಳಿನ ಬುಡಕ್ಕೂ ಒಂದೊಂದು ನಟ್ಟು. ನಟ್ಟು ಸಡಿಲಿಸಿ ಸರಳು ತಿರುಗಿಸಿದರೆ ಆ ಒಂದು ಮುಖದ ಮುಳ್ಳು ಮಾತ್ರ ಸರಿಯುತ್ತದೆ, ಮಿಕ್ಕ ಮೂರಕ್ಕೆ ಏನೂ ಆಗುವುದಿಲ್ಲ. ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೇಳಿಲ್ಲ.

ಆಗಿನ್ನೂ ಜನರ ಕಿಸೆಗೆ ಫೋನು ಬಂದಿರಲಿಲ್ಲ. ಹೆಂಡತಿಗೆ ಅಕ್ಕನನ್ನು ನೋಡುವ ಆಸೆ, ನನಗೆ ಗಡಿಯಾರ ನೋಡುವ ಆಸೆ. ಒಂದು ವಾರ ರಜೆ ಹಾಕಿ ಇಬ್ಬರೂ ಹೊರಟೆವು. ನನ್ನ ಷಡ್ಡಕನಿಗೆ ಅದೇ ಬೀದಿಯಲ್ಲಿ ಪಾತ್ರೆ ಅಂಗಡಿ, ಅಂಗಡಿಯ ಮೇಲೆಯೇ ಮನೆ. ಒಳ್ಳೆಯ ಮನುಷ್ಯ, ಆದರೆ ಬಾಯಿ ದೊಡ್ಡದು. ನಾನು ಚೀಲ ಇಳಿಸುವ ಮೊದಲೇ ಬೀದಿಗೆಲ್ಲ ಡಂಗುರ ಹೊಡೆದಾಗಿತ್ತು: ನಮ್ಮ ಷಡ್ಡಕರು ಬಂದಿದ್ದಾರೆ, ಗಡಿಯಾರದಲ್ಲಿ ಅವರಿಗೆ ತಿಳಿಯದ್ದು ಇಲ್ಲ. ಕೇಳಿ ನನಗೂ ಒಳಗೊಳಗೇ ಹಿಗ್ಗಾಯಿತು. ಯಾಕೆ ಸುಳ್ಳು ಹೇಳಲಿ?

ಮಂಗಳವಾರ ಮಧ್ಯಾಹ್ನ ಕೀಲಿಯಕ್ಕ ಕೀ ಕೊಡಲು ಬರುವ ಹೊತ್ತಿಗೆ ಕಂಬದ ಹತ್ತಿರ ಕಾದು ನಿಂತೆ. ಐವತ್ತೈದರ ಹತ್ತಿರದ ಹೆಂಗಸು. ಕೃಶ ದೇಹ, ಆದರೆ ಮುಂಗೈ ಗಟ್ಟಿ. ನಾನು ಯಾರು, ಎಲ್ಲಿಂದ ಬಂದೆ, ಎಷ್ಟು ವರ್ಷದಿಂದ ಇದನ್ನು ನೋಡಬೇಕು ಅಂದುಕೊಂಡಿದ್ದೆ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು. ಇದನ್ನು ನೋಡಲಿಕ್ಕೆ ಅಂತಲೇ ಬಸ್ಸು ಹತ್ತಿ ಬಂದ ಮೊದಲನೆಯ ಮನುಷ್ಯ ನೀವು ಅಂದಳು. ಪೆಟ್ಟಿಗೆಯ ಬಾಗಿಲು ತೆಗೆದು, ತನ್ನ ಸೆರಗಿನಿಂದಲೇ ಹೊಸ್ತಿಲು ಒರೆಸಿ, ಕೂತು ನೋಡಿ ಅಣ್ಣಾ ಅಂದಳು.

ಮುಕ್ಕಾಲು ಗಂಟೆ ಅವಳು ಹೇಳಿದಳು, ನಾನು ಕೇಳಿದೆ. ಮೊದಲು ಇದರ ಕೆಲಸ ಅವಳ ಮಾವನದು. ಮಾವನಿಗೆ ಮಂಡಿ ಹಿಡಿದುಕೊಂಡ ಮೇಲೆ ಕೀಲಿ ಸೊಸೆಗೆ ಬಂತು. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ನಿಲ್ಲುವ ಆಸಾಮಿಯೇ ಅಲ್ಲ. ಅದಕ್ಕೂ ಮೊದಲು ಹನ್ನೊಂದು ವರ್ಷ ಇದೇ ಊರಿನ ನೂಲಿನ ಗಿರಣಿಯಲ್ಲಿ ಇದ್ದಳಂತೆ. ಯಾಕೆ ಬಿಟ್ಟಿರಿ ಅಂದರೆ, ಬಿಟ್ಟೆ ಅಂದಳು ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಗಡಿಯಾರ ನಿಂತದ್ದು ಎರಡೇ ಸಲ: ಮಾವ ಸತ್ತ ದಿನ, ಮತ್ತೆ ಒಮ್ಮೆ ಒಂದು ಇಲಿ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡಾಗ. ಇಲಿಯ ವಿಷಯ ಹೇಳುವಾಗ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಕೀಲಿಯನ್ನು ನನ್ನ ಕೈಗೇ ಕೊಟ್ಟು, ಎಡಕ್ಕೆ ಅಲ್ಲ ಬಲಕ್ಕೆ, ಅವಸರ ಮಾಡಬೇಡಿ ಅಂದಳು. ನಾನು ಕೀ ಕೊಟ್ಟೆ. ಎಂಥ ಖುಷಿಯಾಯಿತು ಅಂದರೆ, ಹೇಳಲು ಈಗ ನಾಲಿಗೆ ಏಳುವುದಿಲ್ಲ.

ಇರಿ, ಚಹಾ ತರುತ್ತೇನೆ ಅಂತ ಅವಳು ಎದುರು ಸಾಲಿನ ಅಂಗಡಿಗೆ ಹೋದಳು. ಪೆಟ್ಟಿಗೆ ತೆರೆದೇ ಇತ್ತು, ಸ್ಪ್ಯಾನರು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ.

ಕಂಬವನ್ನು ಒಂದು ಸುತ್ತು ಬಂದೆ. ನನ್ನ ಕೈಗಡಿಯಾರವನ್ನು ದಿನಾ ಬೆಳಿಗ್ಗೆ ರೇಡಿಯೋದ ಸದ್ದಿಗೆ ಕೂಡಿಸಿಕೊಳ್ಳುವವನು ನಾನು. ಮೂರು ಮುಖಗಳು ಕರಾರುವಾಕ್ಕು. ನಾಲ್ಕನೆಯದು, ಬಸ್ ನಿಲ್ದಾಣಕ್ಕೆ ಎದುರಾಗಿ ಗಿರಣಿ ರಸ್ತೆಯ ಕಡೆಗಿರುವುದು, ಐದು ನಿಮಿಷ ಮುಂದೆ. ಅಯ್ಯೋ ಪಾಪ, ಇಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ, ಇದೊಂದು ಕಣ್ಣಿಗೆ ಬಿದ್ದಿಲ್ಲ ಅಂದುಕೊಂಡೆ. ಹೇಳಿದರೆ ನೊಂದುಕೊಂಡಾಳು, ಹೇಳದೆ ಸರಿಮಾಡಿದರೆ ಆಯಿತು. ಹೀಗೆ ದೊಡ್ಡತನ ಬೇರೆ! ಕೈ ತುರಿಸುತ್ತಿತ್ತು ಅನ್ನುವುದೇ ನಿಜ. ಕರಡಿನಲ್ಲಿ ತಪ್ಪು ಕಂಡರೆ ಬರೆದವನನ್ನು ಕೇಳಲು ಹೋಗುತ್ತಿದ್ದೆನೇ? ಗೀಟು ಹಾಕುತ್ತಿದ್ದೆ. ನಟ್ಟು ಸಡಿಲಿಸಿ, ಸರಳನ್ನು ಹಿಂದಕ್ಕೆ ತಿರುಗಿಸಿ, ಐದು ನಿಮಿಷ ಕಳೆದು, ಬಿಗಿಯಾಗಿ ತಿರುಪಿ, ನಟ್ಟಿನ ಮೇಲಿದ್ದ ಎಣ್ಣೆ ಜಿಡ್ಡನ್ನು ನನ್ನ ಕರವಸ್ತ್ರದಿಂದ ಒರೆಸಿ ಇಟ್ಟೆ.

ಅವಳು ಎರಡು ಲೋಟ ಚಹಾ ಹಿಡಿದು ಬಂದಳು. ಕುಡಿದೆವು. ಅವಳು ನಂಬಿಕೆಯಿಂದ ಪೆಟ್ಟಿಗೆಗೆ ಬೀಗ ಹಾಕಿ, ಗಿರಣಿ ಕಡೆಯ ಮುಖ ಕಾಣದ ಓಣಿಯಲ್ಲಿ ಮನೆಗೆ ಹೋದಳು. ನಾನು ಷಡ್ಡಕನ ಮನೆಗೆ ಹೋಗಿ ಎರಡು ಹಿಡಿ ಅನ್ನ ಹೆಚ್ಚಿಗೆ ಉಂಡೆ.

ಮರುದಿನ ಎಂಟೂಕಾಲರ ಹೊತ್ತಿಗೆ ಬೀದಿಯಲ್ಲಿ ಗದ್ದಲ. ಕಿಟಕಿಯಿಂದ ಬಗ್ಗಿ ನೋಡಿದರೆ ಕಂಬದ ಸುತ್ತ ಹೆಂಗಸರು, ಕೈಯಲ್ಲಿ ಬುತ್ತಿ ಡಬ್ಬಿ. ನಡುವೆ ಕೀಲಿಯಕ್ಕ. ಷಡ್ಡಕನ ಹಿಂದೆ ನಾನೂ ಮೆಟ್ಟಿಲಿಳಿದೆ. ಗಿರಣಿಯ ಬೆಳಗಿನ ಪಾಳಿಯವರು ಅವರು. ದಿನವೂ ಬಸ್ಸಿಳಿದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಗಡಿಯಾರ ಎಂಟಕ್ಕೆ ಹತ್ತು ನಿಮಿಷ ತೋರಿಸಿದಾಗ ಎದ್ದು ಹೊರಡುತ್ತಾರೆ. ಗಿರಣಿಗೆ ಎಂಟು ನಿಮಿಷದ ದಾರಿ, ಎಂಟಕ್ಕೆ ಗೇಟು ಮುಚ್ಚುತ್ತದೆ. ಅವತ್ತೂ ಹಾಗೆಯೇ ಹೊರಟಿದ್ದಾರೆ. ಹೋಗಿ ನೋಡಿದರೆ ಗೇಟು ಮುಚ್ಚಿದೆ. ಹತ್ತೊಂಬತ್ತು ಜನ ಹೊರಗೆ. ತಿಂಗಳಲ್ಲಿ ಮೂರು ಸಲ ತಡವಾದರೆ ಹೆಸರು ಹೊಡೆದುಹಾಕುವುದು ಆ ಗಿರಣಿಯ ಕಾನೂನು. ಅವರಲ್ಲಿ ಒಬ್ಬಳಿಗೆ, ಗುಂಗುರು ಕೂದಲಿನ ಎತ್ತರದ ಹೆಂಗಸಿಗೆ, ಅದು ಮೂರನೆಯ ಸಲ.

ಅವಳೇ ಕೀಲಿಯಕ್ಕನ ಎದುರು ನಿಂತು ಕೂಗುತ್ತಿದ್ದಳು. ನಿನ್ನ ಗಡಿಯಾರ ನಂಬಿ ನನ್ನ ಅನ್ನ ಹೋಯಿತು, ಹಿಂದೆ ಓಡುವ ಗಡಿಯಾರ ಯಾಕೆ ಇಟ್ಟಿದ್ದೀ, ಕಣ್ಣು ಎಲ್ಲಿಟ್ಟಿದ್ದೆ ಅಂತ.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಯಜಮಾನ ಬಂದ. ಗಡಿಯಾರ ಅಂಗಡಿಕಾರರ ಸಂಘದ್ದು, ಅವನು ಸಂಘದ ಅಧ್ಯಕ್ಷ. ಅವನು ತನ್ನ ವಾಚು ನೋಡಿದ, ಗಿರಣಿ ಕಡೆಯ ಮುಖ ನೋಡಿದ, ಮತ್ತೆ ವಾಚು ನೋಡಿದ. ಹಿಂದೆ ಎಲ್ಲಿ ಓಡುತ್ತಿದೆ, ಸರಿಯಾಗಿಯೇ ಇದೆಯಲ್ಲ ಅಂದ. ಹೆಂಗಸರು ಒಪ್ಪಲಿಲ್ಲ. ಇವತ್ತು ಸರಿಯಿದ್ದರೆ ಇಷ್ಟು ವರ್ಷ ನಾವು ಹೇಗೆ ಸಮಯಕ್ಕೆ ಮುಟ್ಟುತ್ತಿದ್ದೆವು ಅಂತ ಕೇಳಿದರು. ಯಜಮಾನನ ಹುಬ್ಬು ಮೇಲೇರಿತು. ಹಾಗಾದರೆ ಇಷ್ಟು ವರ್ಷ ತಪ್ಪು ಟೈಮು ತೋರಿಸುತ್ತಿತ್ತೇ ನಮ್ಮ ಗಡಿಯಾರ ಅಂತ ಕೀಲಿಯಕ್ಕನನ್ನು ಕೇಳಿದ. ಅವಳು ಸೊಂಟದ ಕೀಲಿ ಹಿಡಿದುಕೊಂಡಳು.

ನನಗೆ ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ನನ್ನ ಕೈ ಮಾಡಿದ ಕೆಲಸದಿಂದಲೇ ಇದೆಲ್ಲ ಆದದ್ದು ಅನ್ನುವಷ್ಟು ಅರ್ಥವಾಗಿತ್ತು. ಹೇಳಬೇಕು ಅಂದುಕೊಂಡೆ. ಆಗ ಷಡ್ಡಕ ನನ್ನ ಹೆಗಲ ಮೇಲೆ ಕೈಹಾಕಿ ಮುಂದೆ ತಳ್ಳಿದ. ಇವರು ಗಡಿಯಾರ ಬಲ್ಲವರು, ಇವರನ್ನೇ ಕೇಳೋಣ ಅಂದ.

ಯಜಮಾನ ನನ್ನ ಕಡೆ ತಿರುಗಿದ. "ನೀವೇ ಹೇಳಿ ಸ್ವಾಮಿ. ಈಗ ಈ ಗಡಿಯಾರ ಸರಿ ಇದೆಯೋ ಇಲ್ಲವೋ?"

ಸುತ್ತ ಇಷ್ಟು ಜನ. ಮೇಲೆ ಕಿಟಕಿಯಲ್ಲಿ ನನ್ನ ಹೆಂಡತಿ, ಅವಳ ಅಕ್ಕ. ನಾನು ನನ್ನ ವಾಚು ನೋಡಿಕೊಂಡೆ, ನೋಡುವ ಅಗತ್ಯವೇ ಇರಲಿಲ್ಲ.

"ಸರಿ ಇದೆ," ಅಂದೆ. "ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಇದಕ್ಕಿಂತ ಹೇಸಿಗೆಯ ಮಾತು ನನ್ನ ಬಾಯಿಂದ ಬಂದದ್ದು ನೆನಪಿಲ್ಲ. ಕೀಲಿಯಕ್ಕ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ. ಮಾತಿನ ಇನ್ನರ್ಧಕ್ಕೆ ಕಾಯುವ ಹಾಗೆ ನೋಡಿದಳು. ನಾನು ಕಂಬದ ಬುಡ ನೋಡುತ್ತಾ ನಿಂತೆ. ಯಜಮಾನ ಸಂಘದ ಮರ್ಯಾದೆಯ ಬಗ್ಗೆ ಏನೇನೋ ಮಾತಾಡಿದ, ಹೆಂಗಸರು ಏನೇನೋ ಅಂದರು, ಯಾವುದೂ ಕಿವಿಗೆ ಇಳಿಯಲಿಲ್ಲ. ಕೊನೆಗೆ ಅವಳೇ ಸೊಂಟದಿಂದ ಪೆಟ್ಟಿಗೆಯ ಬೀಗದ ಕೈ ಸಮೇತ ಕೀಲಿ ಬಿಚ್ಚಿ ಯಜಮಾನನ ಕೈಗೆ ಕೊಟ್ಟು ಓಣಿಯೊಳಗೆ ಹೋದಳು. ಯಜಮಾನ ಅದನ್ನು ತಂದು ನನ್ನ ಕೈಗಿಟ್ಟ. ಬೇರೆ ಜನ ಸಿಗುವ ತನಕ, ಹೇಗೂ ಭಾನುವಾರದವರೆಗೆ ಇಲ್ಲೇ ಇರುತ್ತೀರಲ್ಲ, ನೀವೇ ನೋಡಿಕೊಳ್ಳಿ ಅಂದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಹಾಗಾಯಿತು. ಷಡ್ಡಕನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ.

ಅವತ್ತು ನನಗೆ ಊಟ ಇಳಿಯಲಿಲ್ಲ. ಹೆಂಡತಿ ನನ್ನನ್ನು ಒಂದು ಗಳಿಗೆ ನೋಡಿ, "ನೀವು ಏನೋ ಮಾಡಿದ್ದೀರಿ," ಅಂದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಏನು ಮುಚ್ಚಿಡುವುದು? ಹೇಳಿದೆ. ಅವಳು ತಮಾಷೆ ಮಾಡಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಕೀಲಿಯಕ್ಕನ ಮನೆ ಓಣಿಯ ಕೊನೆಯಲ್ಲಿ. ಒಂದೇ ಕೋಣೆ, ಅದರ ಹಿಂದೆ ಒಲೆಯಿಡುವಷ್ಟು ಜಾಗ. ಗೋಡೆಗೆ ಗಂಡನ ಲಾರಿಯ ಒಂದು ಫೋಟೋ, ಗೂಟಕ್ಕೆ ಎರಡು ಸೀರೆ, ಕಿಟಕಿಯ ಹಲಗೆಯ ಮೇಲೆ ಎಣ್ಣೆಡಬ್ಬಿ, ಸಣ್ಣ ಕುಂಚ, ಒಗೆದು ಮಡಿಸಿಟ್ಟ ಬಟ್ಟೆಚೂರುಗಳು. ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಅವಳು ಮಣೆ ಹಾಕಿ ಕೂರಿಸಿದಳು. ನಾನು ಕೀಲಿಯನ್ನು ನೆಲದ ಮೇಲಿಟ್ಟೆ.

"ಅಕ್ಕಾ, ಆ ಮುಳ್ಳು ಹಿಂದಕ್ಕೆ ಸರಿಸಿದ್ದು ನಾನು."

"ಗೊತ್ತು ಅಣ್ಣಾ. ಬೆಳಿಗ್ಗೆ ಅವರು ಕೂಗಾಡ್ತಾ ಬಂದಾಗ ಮೊದಲು ಪೆಟ್ಟಿಗೆ ತೆಗೆದು ನೋಡ್ದೆ. ನಟ್ಟು ಫಳಫಳ ಅಂತಿತ್ತು. ಇಪ್ಪತ್ತಾರು ವರ್ಷದಲ್ಲಿ ಅದನ್ನ ಒರೆಸಿದವರು ಯಾರೂ ಇಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಗಿರಣಿಯ ಗೇಟಿನಲ್ಲಿ, ಕಾವಲುಗಾರನ ಗೂಡಿನ ಮೇಲೆ, ಗಿರಣಿಯದೇ ಒಂದು ಗಡಿಯಾರವಿದೆ. ಅದು ಐದು ನಿಮಿಷ ಮುಂದೆ. ಯಾವತ್ತಿನಿಂದಲೋ ಹಾಗೇ ಇದೆ. ಗೇಟು ಮುಚ್ಚುವುದು ಅದನ್ನು ನೋಡಿ. ಅವಳು ಅಲ್ಲಿದ್ದ ಕಾಲದಲ್ಲಿ ಎರಡು ಸಲ ಕೆಲಸಗಾರರು ಅರ್ಜಿ ಕೊಟ್ಟರಂತೆ. ನಮ್ಮ ಗೇಟು, ನಮ್ಮ ಟೈಮು ಅಂತ ಉತ್ತರ ಬಂತಂತೆ. ಅವಳು ಗಿರಣಿ ಬಿಟ್ಟದ್ದಲ್ಲ, ಬಿಡಿಸಿದ್ದು. ಊರಿನ ಗಡಿಯಾರ ನಂಬಿಕೊಂಡು ಹೋಗಿ ಮೂರು ಸಲ ಗೇಟಿನ ಹೊರಗೆ ನಿಂತವಳು ಅವಳೂ. ಕೀಲಿ ಕೈಗೆ ಬಂದ ಮೊದಲ ವಾರವೇ ಗಿರಣಿ ಕಡೆಯ ಮುಖವನ್ನು ಐದು ನಿಮಿಷ ಮುಂದಿಟ್ಟಳು. ಗಿರಣಿಯ ಗಡಿಯಾರ ಒಂದೊಂದು ಸಲ ಇನ್ನಷ್ಟು ಜಾರುತ್ತದೆ ಅಂತ ಪ್ರತಿ ಸೋಮವಾರ ಅಲ್ಲಿಗೆ ನಡೆದುಹೋಗಿ, ನೋಡಿಕೊಂಡು ಬಂದು, ಸರಳು ತಿರುಗಿಸಿ ಅದಕ್ಕೆ ಹೊಂದಿಸುತ್ತಿದ್ದಳು. ಇಪ್ಪತ್ತಾರು ವರ್ಷ, ಒಂದು ಸೋಮವಾರವೂ ತಪ್ಪದೆ.

ಆ ಹೆಂಗಸರಿಗೆ ಇದನ್ನು ಯಾಕೆ ಹೇಳಲಿಲ್ಲ ಅಂದೆ. ಹೇಳಿದರೆ ಐದು ನಿಮಿಷ ಹೇಗೂ ಇದೆಯಲ್ಲ ಅಂತ ಇನ್ನೊಂದು ಮಾತು ಆಡಿಕೊಂಡು ಕೂರುತ್ತಾರೆ, ನಾನೂ ಅಲ್ಲಿ ಕೂತವಳೇ ಅಲ್ಲವೇ ಅಂದಳು. ಅಷ್ಟು ಹೊತ್ತಿನಲ್ಲಿ ಅವಳು ನಕ್ಕದ್ದು ಆಗ ಮಾತ್ರ.

ನಾನು ಕೈಮುಗಿದೆ. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಅಂದೆ. ಅವಳು ಹೇಳಿದಳು:

"ಮುಳ್ಳು ಸರಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಅಣ್ಣಾ, ತಿಳೀದೆ ಮಾಡಿದ್ರಿ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ, ಅಷ್ಟೆ. ಆದ್ರೆ ಅವರು ಕೇಳಿದಾಗ ನೀವು ಹೇಳ್ತೀರಿ ಅಂತ ಕಾದೆ. ತಲೆ ಎತ್ತಿ ಮುಳ್ಳನ್ನೇ ನೋಡ್ತಾ ನಿಂತಿದ್ದೆ. ಒಂದು ನಿಮಿಷ ಆಯ್ತು, ಎರಡಾಯ್ತು. ಆ ಯಜಮಾನ್ರು ಮಾತಾಡ್ತಾನೇ ಇದ್ರು. ಐದು ನಿಮಿಷ ಕಾದು ಆಮೇಲೆ ಕೀಲಿ ಬಿಚ್ಚಿಕೊಟ್ಟೆ."

ನೆಲದ ಮೇಲಿದ್ದ ಕೀಲಿಯನ್ನು ನನ್ನ ಕಡೆಗೇ ಸರಿಸಿ, ಸಂಘದವರು ಕೊಡದೆ ಮುಟ್ಟುವುದಿಲ್ಲ ಅಂದಳು. ಎತ್ತಿಕೊಂಡು ಎದ್ದೆ.

ಅಲ್ಲಿಂದ ಸೀದಾ ಬಟ್ಟೆ ಅಂಗಡಿಗೆ ಹೋದೆ. ಯಜಮಾನನಿಗೆ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಅವನು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ; ಎದ್ದು ಬಂದು ನನ್ನ ಕೈ ಕುಲುಕಿದ! ತಪ್ಪು ಗಡಿಯಾರ ಸರಿಮಾಡಿದ್ದೀರಿ, ಅದಕ್ಕೆ ಯಾಕೆ ಇಷ್ಟು ನೊಂದುಕೊಳ್ಳುತ್ತೀರಿ, ಸಂಘದಿಂದ ನಿಮಗೊಂದು ಅಭಿನಂದನಾ ಪತ್ರ ಕೊಡಿಸುತ್ತೇನೆ ಅಂದ. ಅವಳಿಗೆ ಕೀಲಿ ವಾಪಸು ಕೊಡಿ ಅಂತ ಬೇಡಿಕೊಂಡೆ. ಸಂಘದ ಗಡಿಯಾರ ಸುಳ್ಳು ಹೇಳಬಾರದು ಅಂತ ಒಂದೇ ಮಾತಿನಲ್ಲಿ ಮುಗಿಸಿದ.

ಮರುದಿನ ಗುರುವಾರ ಬೆಳಗ್ಗೆ ಆರೂವರೆಗೇ ಗಿರಣಿಯ ಗೇಟಿಗೆ ನಡೆದುಹೋದೆ. ನನ್ನ ವಾಚಿಗೂ ಅಲ್ಲಿನ ಗಡಿಯಾರಕ್ಕೂ ಐದು ನಿಮಿಷ ಇಪ್ಪತ್ತು ಸೆಕೆಂಡು ಅಂತರ. ವಾಪಸು ಬಂದು, ಕೀಲಿ ಇನ್ನೂ ನನ್ನ ಬಳಿಯೇ ಇತ್ತಲ್ಲ, ಪೆಟ್ಟಿಗೆ ತೆಗೆದು ಮುಳ್ಳು ಮುಂದಿಟ್ಟೆ. ಬಸ್ಸು ಬಂತು, ಹೆಂಗಸರು ಇಳಿದರು. ನಾನು ಕಲ್ಲುಬೆಂಚಿನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಹುಚ್ಚ ಅಂದುಕೊಂಡರೋ ಏನೋ, ಒಬ್ಬಿಬ್ಬರು ಡಬ್ಬಿ ಎತ್ತಿಕೊಂಡು ಸರಿದು ಕೂತರು. ಗುಂಗುರು ಕೂದಲಿನವಳೂ ಬಂದಿದ್ದಳು, ಗೇಟಿನಲ್ಲಿ ಇನ್ನೊಮ್ಮೆ ಬೇಡಿಕೊಳ್ಳಲು. ಅವಳು ಮುಂದೆ ಬಂದಳು.

"ಅಂದ್ರೆ ಇಷ್ಟು ವರ್ಷ ನಮಗೋಸ್ಕರ ಇಟ್ಟಿದ್ಲಾ ಅವಳು?"

ಹೌದು ಅಂದೆ.

"ಅವಳಿಗೆ ನಾನು ಏನೇನು ಅಂದೆ ಕೇಳಿದ್ರಲ್ಲ, ಅಲ್ಲೇ ನಿಂತಿದ್ರಲ್ಲ," ಅಂದಳು. "ನಿನ್ನೆ ಹೇಳಬೇಕಿತ್ತು ನೀವು."

ಇಷ್ಟು ಹೇಳಿ ಅವಳು ಗಿರಣಿಯ ಕಡೆ ಹೋಗಲಿಲ್ಲ, ಓಣಿಯ ಕಡೆ ಹೋದಳು. ಮಿಕ್ಕವರು ಗಡಿಯಾರ ನೋಡಿ ಎದ್ದು ನಡೆದರು. ಅವತ್ತು ಯಾರೂ ಹೊರಗೆ ಉಳಿಯಲಿಲ್ಲ. ಎಂಟೂವರೆಗೆ ಅಂಗಡಿ ತೆರೆಯಲು ಬಂದ ಯಜಮಾನ ಮುಳ್ಳು ನೋಡಿ ಕೆಂಡವಾದ. ನನ್ನ ಕೈಯಿಂದ ಕೀಲಿ ಕಿತ್ತುಕೊಂಡು, ಮೂಲೆಯ ರೇಡಿಯೋ ರಿಪೇರಿಯವನಿಗೆ ಕೊಟ್ಟ. ಮಧ್ಯಾಹ್ನದೊಳಗೆ ಗಡಿಯಾರ ಮತ್ತೆ ಸರಿಯಾಯಿತು. ಷಡ್ಡಕ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಗುಂಗುರು ಕೂದಲಿನವಳಿಗೆ ಗಿರಣಿಯಲ್ಲಿ ಕೆಲಸ ಮತ್ತೆ ಸಿಗಲಿಲ್ಲ. ಆಮೇಲೆ ಏನು ಮಾಡಿದಳೋ ನನಗೆ ತಿಳಿಯದು. ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ.

ಭಾನುವಾರದ ತನಕ ಇರಲು ಮನಸ್ಸಾಗದೆ ಶನಿವಾರ ಬೆಳಿಗ್ಗೆಯೇ ಹೊರಟೆವು. ನಮ್ಮ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ನಾನು ಕಿಟಕಿಯ ಪಕ್ಕ ಕೂತಿದ್ದೆ. ಎದುರಿಗೆ ಗಿರಣಿ ಕಡೆಯ ಮುಖ, ಏಳು ಗಂಟೆ ನಲವತ್ತಮೂರು ನಿಮಿಷ, ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ. ಅದರ ಕೆಳಗೆ ಕೀಲಿಯಕ್ಕ ನಿಂತಿದ್ದಳು. ಸೊಂಟದಲ್ಲಿ ಕೀಲಿ ಇರಲಿಲ್ಲ. ತಲೆಯೆತ್ತಿ ಮುಳ್ಳು ನೋಡುವಳು, ತುಟಿ ಅಲ್ಲಾಡಿಸಿ ಗಿರಣಿಯ ಟೈಮು ಲೆಕ್ಕ ಹಾಕುವಳು, ಬೆಂಚಿನ ಮೇಲೆ ಕೂತವರಿಗೆ ಕೂಗಿ ಹೇಳುವಳು.

"ಏಳು ನಲವತ್ತೆಂಟೂವರೆ ಆಯ್ತು. ಏಳ್ರಮ್ಮಾ, ಡಬ್ಬಿ ಮುಚ್ಚಿ, ನಡೀರಿ."

ಅವರು ಎದ್ದು ನಡೆದರು. ಅವಳು ಈ ಕಡೆ ತಿರುಗಿದಾಗ ಬಸ್ಸಿನ ಕಿಟಕಿಯಲ್ಲಿ ನಾನು ಅವಳ ಕಣ್ಣಿಗೆ ಬಿದ್ದೆ. ಅವಳು ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಹಿಂದೆ ಇನ್ನೊಂದು ಬಸ್ಸು ಬಂದು ನಿಂತಿತ್ತು. ಅದರಿಂದ ಇಳಿದವರಿಗೆ ಹೇಳಲು ಮತ್ತೆ ತಲೆಯೆತ್ತಿ ಮುಳ್ಳು ನೋಡಿದಳು.

ಬಸ್ಸು ಹೊರಟಿತು. ಪಕ್ಕದಲ್ಲಿ ಕೂತ ಹೆಂಡತಿ ಟೈಮು ಎಷ್ಟು ಅಂತ ಕೇಳಿದಳು. ಕೈಗಡಿಯಾರ ಬಿಚ್ಚಿ ಅವಳ ಮಡಿಲಲ್ಲಿಟ್ಟೆ.